ಗೀರಿಲ್ಲದ ಪೋಲ್

೧೪ ಮಾರ್ಚ್, ಗುರುವಾರ
ಸ್ಟೋರ್ ರೂಮಿನಿಂದ, ಮಧ್ಯಾಹ್ನ

ಪ್ರೀತಿಯ ಮಿಡತೆಗೆ ಅಕ್ಕನ ನೆನಪುಗಳು.

ನಿನ್ನ ಕಾಗದ ಕೈಸೇರಿ ತುಂಬ ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳೋಣವೆಂದರೆ, ಮಕ್ಕಳಿಗೆಲ್ಲ ಪರೀಕ್ಷೆ, ನಾನು ಮೈದಾನದಲ್ಲಿ ನೊಣ ಹೊಡೆಯುತ್ತ ಕೂತಿದ್ದೇನೆ ಎಂಬುದು ನಿನಗೂ ಗೊತ್ತು. ಬರೆಯಲು ಕೈ ಬರಲಿಲ್ಲ, ಅಷ್ಟೇ. ಶುರು ಮಾಡುವುದು, 'ಇಲ್ಲಿ ನಾವೆಲ್ಲ ಕ್ಷೇಮ' ಎಂಬಲ್ಲಿಗೆ ಬಂದು ಹರಿದು ಹಾಕುವುದು, ಇದೇ ಆಯಿತು. ಅಮ್ಮ ಕ್ಷೇಮ. ಕೋಚ್ ಸರ್ ಕ್ಷೇಮ, ಅವರ ಮಂಡಿನೋವೂ ಕ್ಷೇಮವಾಗಿದೆ. ನನ್ನ ವಿಷಯಕ್ಕೆ ಆಮೇಲೆ ಬರುತ್ತೇನೆ. ತಡ ಮಾಡಿದ್ದಕ್ಕೆ ಕ್ಷಮಿಸು. ಕೇಳಬೇಕಾದ ಕ್ಷಮೆಗಳಲ್ಲಿ ಇದೊಂದು ಸುಲಭದ್ದು, ಅದಕ್ಕೇ ಮೊದಲು ಕೇಳಿಬಿಟ್ಟೆ.

ಕಾಲು ಹೇಗಿದೆ? ಊತ ಇಳಿದಿದೆ ಎಂದು ಮಾವ ಅಮ್ಮನಿಗೆ ಫೋನಿನಲ್ಲಿ ಹೇಳಿದರಂತೆ. ಅವರ ಫ್ರೇಮ್ ಅಂಗಡಿಯಲ್ಲಿ ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಫೋಟೋಗೆ ಫ್ರೇಮ್ ಹಾಕಿಸಲು ಬಂದವರಿಗೆಲ್ಲ ನೀನು ಉಪದೇಶ ಮಾಡುತ್ತೀಯಂತೆ. 'ಗಿರಾಕಿಗಳು ಅವಳ ಮಾತೇ ಕೇಳ್ತಾರೆ ಕಣಕ್ಕಾ, ನನ್ನನ್ನ ಕ್ಯಾರೇ ಅನ್ನಲ್ಲ' ಅಂದರಂತೆ ಮಾವ. ಅಮ್ಮ ಇದನ್ನು ಹೇಳಿ ಹೇಳಿ ನಕ್ಕಳು. ಆಮೇಲೆ, 'ಸದ್ಯ, ಆ ಗಳದ ಸಹವಾಸ ಬಿಟ್ಟಳಲ್ಲ' ಅಂದಳು. ಇಷ್ಟು ವರ್ಷವಾದರೂ ಅಮ್ಮನಿಗೆ ನಾವು ಊರಿ ಹಾರುವ ಪೋಲ್ ಅಂದರೆ ಬಟ್ಟೆ ಒಣಹಾಕುವ ಗಳವೇ. ನಾನು ನಗಲಿಲ್ಲ. ನೀನು ಪೋಲ್ ಬಿಟ್ಟದ್ದು ಅಮ್ಮನಿಗೆ ಸಮಾಧಾನದ ಸುದ್ದಿ, ನನಗೆ ಅದು ನೆನಪಾದಾಗಲೆಲ್ಲ ಊಟದ ತಟ್ಟೆ ಅರ್ಧಕ್ಕೇ ಬಿಟ್ಟು ಏಳುವಂತಾಗುತ್ತಿದೆ.

ಇಲ್ಲಿಯ ಸುದ್ದಿ ಅಂದರೆ, ಮ್ಯಾಟುಗಳ ಹೊದಿಕೆ ಕೊನೆಗೂ ಹೊಲಿಸಿದ್ದಾಯಿತು. ಹೊಲಿಯಲು ಬಂದವನು, 'ಇದು ಹಾಸಿಗೆ ತಾನೇ ಮೇಡಂ, ಒಂದು ಹೊಲಿಗೆ ಸಾಕು' ಅಂದ. ಇದರ ಮೇಲೆ ಜನ ಮಲಗುವುದಿಲ್ಲ, ಮನೆಯ ಮಾಳಿಗೆಗಿಂತ ಮೇಲಿಂದ ಬಂದು ಬೀಳುತ್ತಾರೆ ಎಂದು ನಾನು ದಬಾಯಿಸಿದ ಮೇಲೆ ಎರಡು ಹೊಲಿಗೆ ಹಾಕಿದ. ಪೋಲಿನ ತುದಿ ಊರುವ ಬಾಕ್ಸಿನಲ್ಲಿ ಮತ್ತೆ ಮರಳು ತುಂಬಿಕೊಂಡಿತ್ತು, ಗುಡಿಸಿದೆ. ಕಂಬಗಳ ಬುಡಕ್ಕೆ ಸುತ್ತುವ ದಿಂಬುಗಳನ್ನು ಯಾರೋ ಮಹಾರಾಯರು ಗ್ಯಾಲರಿಯಲ್ಲಿ ಒರಗಿಕೊಳ್ಳಲು ಒಯ್ದಿದ್ದರು. ಬೈದು ತರಿಸಿದೆ. ಹೀಗೆ ಎಂದಿನಂತೆ ಎಲ್ಲರ ಮೇಲೂ ಹಾರಾಡುತ್ತಿದ್ದೇನೆ. ಬೈಯುವಾಗ ದನಿ ಮಾತ್ರ ಮೊದಲಿನಷ್ಟು ಏಳುವುದಿಲ್ಲ.

ಸಾಕು, ಸುತ್ತಿ ಬಳಸಿ ಎಷ್ಟು ಬರೆದರೂ ಅಲ್ಲಿಗೇ ಬರಬೇಕು.

ನಿನ್ನ ಕಾಗದದಲ್ಲಿ ಹೀಗೆ ಬರೆದಿದ್ದೀಯ: 'ಅಕ್ಕಾ, ನನ್ನ ಪೋಲ್ ದೊಡ್ಡಪ್ಪನನ್ನ ಹಾಳು ಮಾಡಿದವಳು ನಾನು. ಮೆಟ್ಟಿಲ ಹತ್ರ ಕೈಜಾರಿ ಬೀಳಿಸಿದೆ, ನೀನು ಬೈತೀಯ ಅಂತ ಮುಚ್ಚಿಟ್ಟೆ. ಅವತ್ತು ನೀನು ಗೀರು ನೋಡದೆ ಹೋಗಿದ್ರೆ ಅದು ಗಾಳಿಯಲ್ಲೇ ಮುರಿದು ನನ್ನ ಕಥೆ ಮುಗೀತಿತ್ತು. ನನ್ನ ಜೀವ ಉಳಿಸಿದವಳು ನೀನು. ಸಾಮಾನು ಕಾಪಾಡೋಕೆ ಬರದೆ ಇರೋಳಿಗೆ ಹಾರೋ ಯೋಗ್ಯತೆ ಇಲ್ಲ. ನನ್ನ ಬೂಟು ಯಾರಿಗಾದ್ರೂ ಕೊಟ್ಬಿಡು. ನಾನಿನ್ನು ಪೋಲ್ ಮುಟ್ಟಲ್ಲ.'

'ಜೀವ ಉಳಿಸಿದವಳು ನೀನು' ಎಂಬಲ್ಲಿಗೆ ಬಂದಾಗ ಅಮ್ಮ ಎದುರಿಗೇ ಇದ್ದಳು. 'ಏನಂತೆ?' ಎಂದು ಕೇಳಿದಳು. 'ಏನಿಲ್ಲ, ಕಾಲು ವಾಸಿಯಂತೆ' ಎಂದು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ. ಕನ್ನಡಿಯಲ್ಲಿ ನನ್ನ ಮುಖ ನನಗೇ ನೋಡಲಾಗಲಿಲ್ಲ.

ಮಿಡತೆ, ಪೋಲಿಗೆ ಏನೂ ಆಗಿರಲಿಲ್ಲ. ಗೀರು ಇರಲಿಲ್ಲ. ನಾನು ಸುಳ್ಳು ಹೇಳಿದೆ.

ಈ ಸಾಲನ್ನು ನೀನು ಇನ್ನೊಂದು ಸಲ ಓದುತ್ತೀಯ ಎಂದು ಗೊತ್ತು. ಓದು. ಬರೆಯಲು ನನಗೆ ಇಷ್ಟು ದಿನ ಹಿಡಿಯಿತು.

ತರಬೇತಿ ಶಿಬಿರದ ಆಯ್ಕೆಯ ದಿನ ಬೆಳಗ್ಗೆ ಆ ದೊಡ್ಡ ಮೈದಾನದ ಹುಲ್ಲಿನ ಮೇಲೆ ಜಮಖಾನ ಹಾಸಿ ನಾನು ಪೋಲ್‌ಗಳನ್ನು ಚೀಲದಿಂದ ತೆಗೆದೆ. ನೀನು ಪಕ್ಕದಲ್ಲಿ ಬೂಟಿನ ದಾರ ಬಿಗಿಯುತ್ತಿದ್ದೆ. ನಿನ್ನ ಮೆದು ಪೋಲ್, ನೀನು ಚಿಕ್ಕಪ್ಪ ಎನ್ನುತ್ತಿದ್ದೆಯಲ್ಲ, ಅದನ್ನು ಮೊದಲು ನೋಡಿದೆ. ಆಮೇಲೆ ಗಡುಸಿನ ದೊಡ್ಡಪ್ಪ. ನೀನು ಕಳೆದ ಬೇಸಗೆಯಿಂದ ಬೆವರು ಸುರಿಸಿ ಒಲಿಸಿಕೊಂಡ ಪೋಲ್ ಅದು. ಮೊದಮೊದಲು ಅದು ಬಾಗದೆ ನಿನ್ನನ್ನು ವಾಪಸ್ಸು ಓಟದ ಪಟ್ಟಿಯ ಮೇಲೇ ಬಿಸಾಡುತ್ತಿತ್ತು. 'ದೊಡ್ಡಪ್ಪನಿಗೆ ಮೂಗಿನ ಮೇಲೆ ಕೋಪ' ಎನ್ನುತ್ತಿದ್ದೆ ನೀನು. ನಿನ್ನ ಈಗಿನ ಓಟದ ವೇಗಕ್ಕೆ ಸರಿಹೊಂದುವ ಪೋಲ್ ನಮ್ಮ ಮೈದಾನದಲ್ಲಿ ಅದೊಂದೇ. ಒರೆಸಿದೆ. ಉಂಡೆ ಮಾಡಿದ ಹತ್ತಿಯನ್ನು ಬುಡದ ರಬ್ಬರಿನಿಂದ ಮೇಲಿನ ಹಿಡಿಯವರೆಗೆ ಸವರುತ್ತ ಹೋದೆ. ಎಳೆ ಎದ್ದಿದ್ದರೆ, ಗೀರು ಬಿದ್ದಿದ್ದರೆ ಹತ್ತಿ ಸಿಕ್ಕಿಕೊಳ್ಳಬೇಕು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದೆ, ಹೊಚ್ಚ ಹೊಸದರ ಹಾಗಿತ್ತು.

'ಇದರಲ್ಲಿ ಗೀರಿದೆ' ಎಂದೆ.

ನಾನೇ ಹೇಳಿದೆನೋ ಬೇರೆ ಯಾರಾದರೂ ಹೇಳಿದರೋ ಎಂಬಂತೆ ನನಗೇ ಕೇಳಿಸಿತು ಎಂದು ಬರೆಯಬಹುದಿತ್ತು. ಆದರೆ ಹಾಗೇನೂ ಆಗಲಿಲ್ಲ. ನಾನೇ ಹೇಳಿದೆ, ಸ್ಪಷ್ಟವಾಗಿ ಹೇಳಿದೆ. 'ಎಲ್ಲಿ ಅಕ್ಕಾ?' ಎಂದು ನೀನು ಎದ್ದು ಬಂದೆ. 'ಬುಡದ ಟೇಪಿನ ಕೆಳಗೆ, ಬೆರಳಿಗೆ ಸಿಗುತ್ತೆ' ಎಂದೆ. ಟೇಪು ಸುತ್ತಿದ ಜಾಗವಾದರೆ ಕಣ್ಣಿಗೆ ಕಾಣುವುದಿಲ್ಲ ನೋಡು, ಅಷ್ಟು ಬುದ್ಧಿ ಆಗ ಓಡಿತ್ತು. ಬೇರೆ ಹುಡುಗಿಯಾಗಿದ್ದರೆ ಟೇಪು ಬಿಚ್ಚಿ ತೋರಿಸು ಎನ್ನುತ್ತಿದ್ದಳು. ನೀನು ಹಾಗನ್ನಲಿಲ್ಲ. ಬಿಳಿಚಿಕೊಂಡು, 'ಅಯ್ಯೋ ಅಕ್ಕಾ, ನಿನ್ನೆ ಮೆಟ್ಟಿಲ ಹತ್ರ ಕೈಜಾರಿತ್ತು, ಹೇಳೋಕೆ ಹೆದರಿಬಿಟ್ಟೆ' ಅಂದೆ.

ನನಗೆ ಆ ವಿಷಯ ಗೊತ್ತೇ ಇರಲಿಲ್ಲ. ನನ್ನ ಸುಳ್ಳಿಗೆ ಕಾಲು ಜೋಡಿಸಿ ಕೊಟ್ಟವಳು ನೀನು. ನಾನು ಏನು ಮಾಡಿದೆ? 'ಹಾಗಿದ್ರೆ ಅದೇ ಇರಬೇಕು' ಎಂದು, ಮುಖ ಗಂಟು ಹಾಕಿಕೊಂಡು, ಪೋಲಿಗೆ ಕೆಂಪು ಟೇಪು ಸುತ್ತಿ ಬದಿಗಿಟ್ಟೆ. ಕೋಚ್ ಸರ್ ದೂರದಿಂದ ಕೆಂಪು ಟೇಪು ನೋಡಿ ತಲೆ ಆಡಿಸಿದರು. ಅವರೂ ಕೇಳಲಿಲ್ಲ. ಪೋಲಿನ ವಿಷಯದಲ್ಲಿ ನಾನು ಬೇಡ ಎಂದರೆ ಬೇಡ, ಅದರ ಮೇಲೆ ಯಾರೂ ಮಾತಾಡುವಂತಿಲ್ಲ. ಹೀಗೊಂದು ರೂಢಿಯನ್ನು ಈ ಮೈದಾನದಲ್ಲಿ ಹಠ ಹಿಡಿದು ಬೆಳೆಸಿದವಳು ನಾನೇ. ಆ ರೂಢಿಯ ಮರೆಯಲ್ಲೇ ನಿಂತು ನಿನಗೆ ಮೋಸ ಮಾಡಿದೆ.

ಕೈಜಾರಿದ್ದನ್ನು ಆಗಲೇ ಹೇಳದೆ ಇದ್ದದ್ದು ನಿನ್ನ ತಪ್ಪು, ಇಲ್ಲವೆನ್ನುವುದಿಲ್ಲ. ಆದರೆ ನಿನ್ನ ಲೆಕ್ಕಕ್ಕೆ ಅಷ್ಟೇ. ಅದರ ಪೆಟ್ಟಿನಿಂದ ಪೋಲಿಗೆ ಕೂದಲೆಳೆಯಷ್ಟೂ ಊನವಾಗಿರಲಿಲ್ಲ. ನನಗೆ ಹೇಗೆ ಗೊತ್ತು ಅಂದರೆ, ಊರಿಗೆ ವಾಪಸ್ಸು ಬಂದ ಮೇಲೆ ನಾನು ಒಬ್ಬಳೇ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಆ ಟೇಪನ್ನೆಲ್ಲ ಬಿಚ್ಚಿ ನೋಡಿದೆ. ಅಲ್ಲಾದರೂ ಒಂದು ಗೀರು ಸಿಗಲಿ, ನನ್ನ ಸುಳ್ಳು ನಿಜವಾಗಲಿ ಎಂದು ಹುಡುಕಿದೆ. ಒಂದು ಪೋಲ್ ಕೆಟ್ಟಿರಲಿ ಎಂದು ನಾನು ಹಾರೈಸಿದ್ದು ಅದೊಂದು ಸಲ. ಹತ್ತಿ ನುಣ್ಣಗೆ ಜಾರಿಕೊಂಡು ಹೋಯಿತು.

ಇನ್ನು ಆ ಜಿಗಿತ. ಚಿಕ್ಕಪ್ಪ ನಿನ್ನ ತೂಕಕ್ಕೆ ಸಾಕು, ನಿನ್ನ ಈಗಿನ ಓಟಕ್ಕೆ ಸಾಲದು. ಮೆದು ಪೋಲಿಗೆ ಬದಲಾಯಿಸಿದ ಮೇಲೆ ಹಿಡಿತ ಕೆಳಗಿಳಿಸಬೇಕು, ಓಟ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಅದು ವಿಪರೀತ ಬಾಗಿ ಹಾರುವವರನ್ನು ಎಲ್ಲೆಲ್ಲಿಗೋ ಎಸೆಯುತ್ತದೆ. ಇದನ್ನು ನಾನು ಸಣ್ಣ ಮಕ್ಕಳಿಗೂ ಬಾಯಿಪಾಠ ಮಾಡಿಸಿದ್ದೇನೆ. ಅವತ್ತು ನಿನಗೆ ಹೇಳಲಿಲ್ಲ. ನೀನು ಗಾಬರಿಯಲ್ಲಿದ್ದೆ, ದೊಡ್ಡಪ್ಪನನ್ನು ಹಿಡಿಯುವ ಎತ್ತರದಲ್ಲೇ ಚಿಕ್ಕಪ್ಪನನ್ನೂ ಹಿಡಿದಿದ್ದೆ. ಅದು ನನಗೆ ಪಟ್ಟಿಯ ಪಕ್ಕದಿಂದ ಕಾಣುತ್ತಿತ್ತು. ಕೂಗಿ ಹೇಳಿದ್ದರೆ ನಿಲ್ಲುತ್ತಿದ್ದೆ. ಮೇಲಕ್ಕೆ ಹೋದೆ, ಮೇಲಿನ ಅಡ್ಡ ಬಾರ್ ತೊಡೆಗೆ ತಗುಲಿ ಬಿತ್ತು, ನೀನು ಮ್ಯಾಟಿನ ಹಿಂದಿನ ಅಂಚಿಗೆ ಬಿದ್ದು ಅಲ್ಲಿಂದ ನೆಲಕ್ಕೆ ಜಾರಿದೆ. ಸುರಕ್ಷತೆ ಸುರಕ್ಷತೆ ಎಂದು ಊರೆಲ್ಲ ಡಂಗುರ ಹೊಡೆಯುವವಳು, ಚೆನ್ನಾಗಿದ್ದ ಪೋಲನ್ನು ಕಿತ್ತುಕೊಂಡು ಅಪಾಯದ್ದನ್ನು ತಂಗಿಯ ಕೈಗೆ ಕೊಟ್ಟಳು. ನಿನ್ನ ಕಾಲು ಮುರಿಯದೆ ಬರೀ ಉಳುಕಿದ್ದು ನನ್ನ ಪುಣ್ಯವಲ್ಲ, ನಿನ್ನದು.

ಇಷ್ಟಕ್ಕೇ ನಿಲ್ಲಲಿಲ್ಲ. ಕೆಟ್ಟ ಪೋಲನ್ನು ಕತ್ತರಿಸಿ ಹಾಕುವುದು ನಮ್ಮಲ್ಲಿ ಪದ್ಧತಿ, ಯಾರೂ ತಿಳಿಯದೆ ಎತ್ತಿಕೊಂಡು ಹಾರಬಾರದೆಂದು. ನೀನು ಮಾವನ ಮನೆಗೆ ಹೋದ ವಾರ ಕೋಚ್ ಸರ್, 'ಮಕ್ಕಳ ಮುಂದೇನೇ ಕತ್ತರಿಸಮ್ಮ, ಅವರಿಗೂ ಒಂದು ಪಾಠ ಆಗ್ಲಿ' ಅಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಮಕ್ಕಳು ಸುತ್ತ ಕೂತರು. ನಾನು ದೊಡ್ಡಪ್ಪನನ್ನು ಬೆಂಚಿಗೆ ಬಿಗಿದು ಗರಗಸ ಹಿಡಿದೆ. ಕತ್ತರಿಸುತ್ತ ಭಾಷಣ ಬೇರೆ. ಪೋಲನ್ನು ಸಿಮೆಂಟಿನ ಮೇಲೆ ಎಳೆಯಬಾರದು, ಮುಳ್ಳಿನ ಬೂಟು ಹಾಕಿಕೊಂಡು ದಾಟಬಾರದು, ಬಿಸಿಲಿಗೆ ಒರಗಿಸಬಾರದು, ಹಾರಿದ ಮೇಲೆ ಕೆಳಗೆ ಬೀಳಲು ಬಿಡದೆ ಒಬ್ಬರು ಹಿಡಿಯಬೇಕು, ಬಿದ್ದರೆ ಆ ಕ್ಷಣವೇ ಹೇಳಬೇಕು, ಮುಚ್ಚಿಟ್ಟರೆ ಹೀಗಾಗುತ್ತದೆ ಎಂದೆ. ಒಂದೊಂದು ಮಾತೂ ಸರಿಯೇ. ಮುಚ್ಚಿಟ್ಟರೆ ಎನ್ನುವಾಗ ನನ್ನ ನಾಲಗೆ ಸೇದಿಹೋಗಬೇಕಿತ್ತು. ನಿನ್ನ ಹೆಸರು ನಾನು ಹೇಳಲಿಲ್ಲ, ಆದರೆ ಮಕ್ಕಳಿಗೆ ಯಾರ ಪೋಲ್ ಎಂದು ಗೊತ್ತಿಲ್ಲವೇ? ಪೋಲಿನ ಗಾಜಿನೆಳೆಯ ಬಿಳಿ ಪುಡಿ ನನ್ನ ಕೈಗೆಲ್ಲ ಅಂಟಿ, ಎಷ್ಟು ತೊಳೆದರೂ ಸಂಜೆಯವರೆಗೂ ಕಡಿಯಿತು.

ಕೋಚ್ ಸರ್ ಒಂದು ತುಂಡನ್ನು ಎತ್ತಿಟ್ಟುಕೊಂಡು ಸ್ಟೋರ್ ರೂಮಿನ ಗೋಡೆಗೆ ತೂಗುಹಾಕಿದರು. ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಚೀಟಿ: 'ಕೈಜಾರಿದರೆ ಹೀಗೆ'. ದಿನಾ ಬೆಳಗ್ಗೆ ಬೀಗ ತೆಗೆದೊಡನೆ ನನಗೆ ಅದರದ್ದೇ ದರ್ಶನವಾಗುತ್ತಿತ್ತು. ಹೊಸದಾಗಿ ಬಂದ ಮಕ್ಕಳಿಗೆ ಹಳಬರು ತೋರಿಸುತ್ತಿದ್ದರು, 'ಇದು ಮಿಡತೆ ಅಕ್ಕಂದು. ಬೀಳಿಸಿ ಹೇಳ್ಲೇ ಇಲ್ವಂತೆ' ಎಂದು. ನಾನು ಮೂಲೆಯಲ್ಲಿ ಬಾರ್‌ಗಳನ್ನು ಎಣಿಸುವವಳ ಹಾಗೆ ನಟಿಸುತ್ತ ನಿಂತಿರುತ್ತಿದ್ದೆ.

ನಿನ್ನ ಕಾಗದ ಬಂದ ಮೇಲೆ ಫೋನಿನಲ್ಲೇ ಹೇಳಿಬಿಡೋಣವೆಂದು ಒಂದು ದಿನ ಗಟ್ಟಿ ಮನಸ್ಸು ಮಾಡಿದೆ. ನೆನಪಿರಬಹುದು, ನಾನು ಫೋನ್ ಮಾಡಿ ಸುಮ್ಮನೆ ಹವಾಮಾನ ವಿಚಾರಿಸಿದ ದಿನ. ಆ ಕಡೆಯಿಂದ ನಿನ್ನ ಮೊದಲ ಮಾತೇ, 'ಅಕ್ಕಾ, ಇನ್ನೂ ಕೋಪಾನಾ?' 'ಇಲ್ಲ ಬಿಡು' ಎಂದೆ. ನೋಡು, ಕ್ಷಮಿಸಿದವಳ ಪಟ್ಟವನ್ನೂ ನಾನೇ ತೆಗೆದುಕೊಂಡೆ!

ಕಳೆದ ಸೋಮವಾರ ಕೋಚ್ ಸರ್‌ಗೆ ಹೇಳಿದೆ. ಅವರು ಚಹಾ ಕುಡಿಯುತ್ತಿದ್ದರು. ಕೇಳಿ ಲೋಟ ಕೆಳಗಿಟ್ಟರು, ಬೈಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸ, ತಡೆದುಕೊಳ್ಳುತ್ತಿದ್ದೆ. ಎದ್ದು ಹೋಗಿ ಡಬ್ಬಿಯಿಂದ ಒಂದಿಷ್ಟು ಹತ್ತಿ ಕಿತ್ತುಕೊಂಡು ಬಂದು, ಕಟ್ಟೆಯ ಮೇಲಿದ್ದ ಮೊದಲನೆಯ ಪೋಲನ್ನು ಮಂಡಿಯ ಮೇಲೆ ಎಳೆದುಕೊಂಡರು.

'ಸರ್, ಅದನ್ನ ಬೆಳಗ್ಗೆ ತಾನೇ ನೋಡಿದ್ದೀನಿ' ಎಂದೆ.

'ಗೊತ್ತಮ್ಮ. ಕೋಪ ಇಲ್ಲ ನಂಗೆ. ಆದ್ರೆ ಇವತ್ತಿಂದ ನೀನು ಸರಿ ಇದೆ ಅಂದ್ರೂ ನಾನು ಇನ್ನೊಂದ್ಸಲ ನೋಡ್ಬೇಕಾಗುತ್ತೆ.'

ಅಲ್ಲಿದ್ದ ಎಲ್ಲ ಪೋಲ್‌ಗಳನ್ನೂ, ಆ ನೋವಿನ ಮಂಡಿ ಇಟ್ಟುಕೊಂಡು, ಒಂದೂ ಬಿಡದೆ ಸವರಿ ನೋಡಿದರು. ನಾನು ಎತ್ತಿ ಕೊಡುತ್ತ, ತೆಗೆದಿಡುತ್ತ ಇದ್ದೆ. ಎಲ್ಲವೂ ಸರಿಯಾಗೇ ಇದ್ದವು. ಸರಿ ಇದೆ ಎಂದು ಒಂದಕ್ಕೂ ಅವರು ಬಾಯಿಬಿಟ್ಟು ಹೇಳಲಿಲ್ಲ, ನನಗೂ ಕೇಳುವ ಮುಖವಿರಲಿಲ್ಲ. ಕೊನೆಗೆ ಗೋಡೆಯ ತುಂಡನ್ನು ನಾನು ಇಳಿಸಲು ಹೋದೆ. 'ಅದನ್ನ ಇಳಿಸ್ಬೇಡ. ಚೀಟಿ ಬದಲಾಯ್ಸು' ಅಂದರು. ಏನೆಂದು ಬರೆಯಲಿ ಎಂದು ಕೇಳಿದೆ. 'ಅದು ನಿಂಗೆ ಬಿಟ್ಟಿದ್ದು' ಎಂದು ಕುಂಟುತ್ತ ಹೊರಟುಹೋದರು. ಹಳೆಯ ಚೀಟಿ ಹರಿದಿದ್ದೇನೆ. ಹೊಸದು ಇನ್ನೂ ಬರೆದಿಲ್ಲ.

ಮಾರನೆಯ ದಿನ, ಪರೀಕ್ಷೆ ಮುಗಿಸಿ ಬಂದಿದ್ದ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಅವರಿಗೂ ಹೇಳಿದೆ. ಮಿಡತೆ ಅಕ್ಕ ಪೋಲ್ ಹಾಳು ಮಾಡಿಲ್ಲ, ನಾನು ಸುಳ್ಳು ಹೇಳಿದ್ದೆ, ಒಳ್ಳೆಯ ಪೋಲನ್ನು ನಿಮ್ಮ ಮುಂದೆ ಕತ್ತರಿಸಿದೆ ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಜಡೆಯ ಆ ವಾಚಾಳಿ ಹುಡುಗಿ ಇದ್ದಾಳಲ್ಲ, ಅಭ್ಯಾಸಕ್ಕೆ ನಾನು ನೋಡಿ ಕೊಟ್ಟ ಪೋಲನ್ನು ತೆಗೆದುಕೊಂಡು ಹೋಗಿ, ನನಗೆ ಬೆನ್ನು ಮಾಡಿ ನಿಂತು, ಕಿಸೆಯಿಂದ ಚೂರು ಹತ್ತಿ ತೆಗೆದು ತಾನೇ ಇನ್ನೊಮ್ಮೆ ಸವರಿದಳು. ನನಗೆ ಕಾಣಬಾರದೆಂದು ಮೈಯನ್ನು ಅಡ್ಡ ಹಿಡಿದಿದ್ದಳು. ಸವರುವ ಕ್ರಮ ಸರಿಯಾಗಿಯೇ ಇತ್ತು, ನಾನೇ ಕಲಿಸಿದ್ದು. ನಾನು ಬಾಕ್ಸ್ ಗುಡಿಸುವ ನೆಪದಲ್ಲಿ ಬಗ್ಗಿಕೊಂಡೆ.

ಏಕೆ ಹೀಗೆ ಮಾಡಿದೆ ಎಂದು ನೀನು ಕೇಳುತ್ತೀಯ. ನಿಜ ಹೇಳಿದಾಗ ಅಮ್ಮನೂ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಹೆದರಿದೆ. ನಾನು ಬಿದ್ದದ್ದು ನಿನಗೆ ಸರಿಯಾಗಿ ನೆನಪಿರಲಾರದು, ನೀನಿನ್ನೂ ಚಿಕ್ಕವಳು. ಎರಡು ಮ್ಯಾಟುಗಳನ್ನು ಜೋಡಿಸುವ ಪಟ್ಟಿ ಯಾರೂ ಬಿಗಿದಿರಲಿಲ್ಲ, ನಡುವೆ ಸಂದು ಬಿಟ್ಟಿತ್ತು, ನಾನು ಆ ಸಂದಿಗೇ ಬಂದು ಬಿದ್ದೆ. ಬೆನ್ನು ಹಿಡಿದುಕೊಂಡು ಮಲಗಿದವಳು ಎದ್ದ ಮೇಲೆ ಮತ್ತೆ ಹಾರಲಿಲ್ಲ. ಆಮೇಲೆ ಈ ಸ್ಟೋರ್ ರೂಮು, ಹತ್ತಿ, ಟೇಪು, ಪಟ್ಟಿ ಎಳೆದು ನೋಡುವುದು, ಎಲ್ಲರ ಮೇಲೂ ರೇಗುವುದು. ಆಯ್ಕೆಯ ದಿನ ಬಾರನ್ನು ನೀನು ಕೇಳಿದ ಎತ್ತರಕ್ಕೆ ಏರಿಸುವುದನ್ನು ನೆನೆದು ನನ್ನ ಎದೆ ನಡುಗಿತು, ನೀನು ಹಾರದಿದ್ದರೆ ಸಾಕು ಎನ್ನಿಸಿತು, ಬಾಯಿಗೆ ಸುಳ್ಳು ಬಂತು. ಹೀಗೆಂದು ಅಮ್ಮನಿಗೆ ಹೇಳಿದೆ. ಅಮ್ಮ ಅತ್ತಳು. ನನ್ನ ತಲೆ ಸವರಿ, 'ಹೆತ್ತವಳು ನಾನು ಹೆದರಬೇಕಾದ್ದನ್ನ ನೀನು ಹೆದರಿದೀಯ, ಅದರಲ್ಲಿ ತಪ್ಪೇನೇ?' ಅಂದಳು. ನನ್ನ ಪಾಲಿನ ಹಾಲಿಗೆ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿ ಕೊಟ್ಟಳು. ಕುಡಿದೆ.

ಈಗ ಮುಖ್ಯ ವಿಷಯ. ಶಿಬಿರದ ಕೋಚ್ ಮೇಡಂ ಮೊನ್ನೆ ನಮ್ಮ ಸರ್‌ಗೆ ಫೋನ್ ಮಾಡಿದ್ದರು. ಅವತ್ತು ನೀನು ಬಿದ್ದದ್ದನ್ನು ಅವರೂ ನೋಡಿದ್ದರಲ್ಲ, 'ಆ ಹುಡುಗಿಗೆ ಸರಿಯಾದ ಪೋಲ್ ಕೊಟ್ಟು ನೋಡ್ಬೇಕು ನಾನು' ಅಂದರಂತೆ. ಶಿಬಿರದಲ್ಲಿ ಇನ್ನೊಂದು ಜಾಗ ಖಾಲಿ ಇಟ್ಟಿದ್ದಾರೆ. ಕಾಲು ಪೂರ್ತಿ ವಾಸಿಯಾದ ಮೇಲೆ ಮುಂದಿನ ತಿಂಗಳ ಕೊನೆಗೆ ನಿನ್ನನ್ನು ಕರೆಸಿ ನೋಡುತ್ತಾರಂತೆ. ಬರುವುದು ಬಿಡುವುದು ನಿನ್ನಿಷ್ಟ, ಒತ್ತಾಯವಿಲ್ಲ ಎಂದೂ ಹೇಳಿದ್ದಾರೆ. ಪೋಲ್ ಅವರ ಬಳಿ ಬೇಕಾದಷ್ಟಿವೆ. ನೀನು ಹೋಗಬೇಕು. ನನ್ನ ಮಾತಿಗೆ ಈಗ ಬೆಲೆಯಿಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಪೋಲ್ ಬಿಡಲು ನಿನಗೆ ಬೇರೆ ಕಾರಣವಿದ್ದರೆ ಬಿಡು, ಫ್ರೇಮ್ ಅಂಗಡಿಯೇ ಖುಷಿ ಕೊಟ್ಟರೆ ಮಾವನ ಗಲ್ಲಾದಲ್ಲೇ ಮೆರೆ. ಆದರೆ ಸಾಮಾನು ಹಾಳು ಮಾಡಿದವಳು ಎಂಬ ಕಾರಣಕ್ಕೆ ಬಿಡಬೇಡ. ನೀನು ಮಾಡದ ತಪ್ಪಿಗೆ ನೀನು ದಂಡ ಕಟ್ಟುತ್ತಿದ್ದೀಯ. ನಾನು ಇಲ್ಲಿ ಕೂತು ನೋಡುತ್ತಿದ್ದೆ. ಇನ್ನು ನೋಡಲಾರೆ.

ನಿನ್ನ ಬೂಟು ಯಾರಿಗೂ ಕೊಟ್ಟಿಲ್ಲ. ಒರೆಸಿ, ಒಳಗೆ ಕಾಗದ ತುರುಕಿ, ಬೇರೆ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ಬಲಗಾಲಿನದರಲ್ಲಿ ಒಂದು ಮುಳ್ಳು ಸವೆದಿತ್ತು, ಬದಲಾಯಿಸಿದೆ. ನನ್ನ ಮಾತಿನ ಮೇಲೆ ಬಿಡಬೇಡ, ತಿರುಗಿಸಿ ನೀನೇ ನೋಡಿಕೊ. ಶಿಬಿರಕ್ಕೆ ಹೋದರೆ ಅಲ್ಲಿಯ ಪೋಲನ್ನೂ ಬೇರೆಯವರು ನೋಡಿ ಕೊಟ್ಟರೆಂದು ಹಾಗೇ ಎತ್ತಿಕೊಳ್ಳಬೇಡ, ನಿನ್ನ ಕೈಯಿಂದ ಸವರಿ ನೋಡು. ಗೀರಿದೆ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಹತ್ತಿರದವರಾಗಿರಲಿ, ತೋರಿಸಿ ಎನ್ನು. ಹಾರುವ ಮುಂಚೆ ಮ್ಯಾಟಿನ ಪಟ್ಟಿಗಳನ್ನು ಎಳೆದು ನೋಡು. ಕೈಜಾರಿದರೆ ಆಗಲೇ ಹೇಳು, ಬೈದರೆ ಬೈಯಲಿ.

ಈ ಕಾಗದವನ್ನು ಮಾವನಿಗೆ, ಅತ್ತೆಗೆ ತೋರಿಸಬೇಕೆನ್ನಿಸಿದರೆ ತೋರಿಸು. ನನಗೆ ಉತ್ತರ ಬರೆಯಬೇಕೆಂದಿಲ್ಲ. ನೀನು ಸಿಟ್ಟಾದರೆ ನನಗೆ ಒಂದು ರೀತಿಯ ಉಪಕಾರವೇ. ಇಷ್ಟು ದಿನ ನೀನು ನನ್ನ ಮುಂದೆ ತಲೆ ತಗ್ಗಿಸಿದ್ದನ್ನು ತಡೆದುಕೊಳ್ಳುವುದೇ ಕಷ್ಟವಾಗಿತ್ತು.

ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕಾಲಿಗೆ ಎಣ್ಣೆ ತಿಕ್ಕಲು ಮರೆಯಬಾರದಂತೆ. ನಾನೂ ದೊಡ್ಡವಳೆಂಬ ಹಕ್ಕಿನಿಂದ ಹರಸುತ್ತೇನೆ, ಬೇಡವೆನ್ನಿಸಿದರೆ ಅಮ್ಮನದನ್ನು ಮಾತ್ರ ಇಟ್ಟುಕೊ. ನಿನ್ನ ಕಾಲು ಬೇಗ ಗಟ್ಟಿಯಾಗಲಿ. ನೀನು ಓಡುವ ಪಟ್ಟಿ ಒಣಗಿರಲಿ, ಗಾಳಿ ಹಿಂದಿನಿಂದ ಬೀಸಲಿ, ಇಳಿಯುವ ಜಾಗ ಮೆತ್ತಗಿರಲಿ. ಎಷ್ಟು ಎತ್ತರಕ್ಕೆ ಹೋದರೂ ಸುಖವಾಗಿ ಕೆಳಗೆ ಬಾ.

ನಾಚಿಕೆಯಿಂದ, ಪ್ರೀತಿಯಿಂದ,
ನಿನ್ನ ಅಕ್ಕ

ಮ.ವಿ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. ಹೆದರಿದೆ ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ಅಮ್ಮ ಅದನ್ನು ನಂಬಿ ತಲೆ ಸವರಿದಳು, ಅವಳ ಮುಂದೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ನನಗಿಲ್ಲ. ನಿನಗೂ ಅದನ್ನೇ ಬರೆದು ಕೈತೊಳೆದುಕೊಳ್ಳುವವಳಿದ್ದೆ.

ಆಯ್ಕೆಯ ಹಿಂದಿನ ದಿನ ಅಭ್ಯಾಸಕ್ಕೆ ಬಾರಿನ ಬದಲು ಎಲಾಸ್ಟಿಕ್ ದಾರ ಕಟ್ಟಿದ್ದೆವಲ್ಲ. ನಾಲ್ಕು ಮೀಟರಿಗೆ ಕಟ್ಟಿದವಳು ನಾನೇ, ನಿನಗೆ ಎತ್ತರ ಹೇಳಿರಲಿಲ್ಲ. ನಾನು ಹಾರುತ್ತಿದ್ದ ಅಷ್ಟೂ ವರ್ಷ ಆ ನಾಲ್ಕು ಮೀಟರಿಗಾಗಿ ಒದ್ದಾಡಿದ್ದೆ, ಒಂದು ಸಲವೂ ದಾಟಲಿಲ್ಲ. ಮ್ಯಾಟುಗಳ ಸಂದಿಗೆ ಬಿದ್ದದ್ದೂ ಅದನ್ನು ದಾಟಲು ಹೋಗಿಯೇ. ನೀನು ದೊಡ್ಡಪ್ಪನನ್ನು ಹಿಡಿದು ಓಡಿ ಬಂದು, ದಾರಕ್ಕೆ ಬಟ್ಟೆಯೂ ತಾಗದಂತೆ ದಾಟಿ, ಮ್ಯಾಟಿನ ಮೇಲೆ ಕುಪ್ಪಳಿಸುತ್ತ ಎಷ್ಟಿತ್ತು ಎಂದು ಕೇಳಿದೆ. ನಾಲ್ಕು ಎಂದೆ. ನೀನು ನಕ್ಕು, 'ಇಷ್ಟೇನಾ ಅಕ್ಕಾ? ಇದಕ್ಕೇನಾ ನೀನು ಅಷ್ಟು ವರ್ಷ ಪಾಡುಪಟ್ಟಿದ್ದು?' ಅಂದೆ. ತಮಾಷೆಗೆ ಅಂದದ್ದು. ಅಂದು ನೀರು ಕುಡಿಯಲು ಓಡಿಹೋದೆ. ಅದು ನಿನಗೆ ನೆನಪಿದೆಯೋ ಇಲ್ಲವೋ. ನಾನು ದಾರ ಸುತ್ತುತ್ತ ಅಲ್ಲೇ ನಿಂತಿದ್ದೆ.

ಮರುದಿನ ನಿನ್ನ ಮೂರನೆಯ ಜಿಗಿತಕ್ಕೆ ಬಾರ್ ಇಟ್ಟದ್ದೂ ನಾಲ್ಕಕ್ಕೇ. ಅದು ಅಲುಗಿ ಕಂಬದಿಂದ ಜಾರಿದಾಗ ನೀನಿನ್ನೂ ಮೇಲೆಯೇ ಇದ್ದೆ. ಅದು ಬೀಳುವುದನ್ನು ನೋಡಿ ನನಗೆ ಸಂತೋಷವಾಯಿತು, ಮಿಡತೆ. ನೀನು ನೆಲಕ್ಕೆ ಬೀಳುವಷ್ಟರಲ್ಲಿ ಆ ಸಂತೋಷ ಇರಲಿಲ್ಲ, ಕಿರುಚಿಕೊಂಡು ನಿನ್ನ ಕಡೆಗೆ ಓಡಿದವಳೂ ನಾನೇ. ಆದರೆ ಮೊದಲು ಬಂದದ್ದು ಸಂತೋಷವೇ.